ಹಡಗು ಹತ್ತಿದ ಪುರಸಭಿ

ಸುದ್ದಿ ನೀವೂ ನೋಡಿರ್ತೀರಿ, ವಾಟ್ಸಾಪಿನ ಎಲ್ಲಾ ಗ್ರೂಪಿಗೂ ಬಂದು ಬಿದ್ದೈತಿ, ಹಂಗಾಗಿ ಊರಿನ ಹೆಸರು ನಾ ಹೇಳಂಗಿಲ್ಲ. ನಮ್ಮ ರಾಯಚೂರು ಜಿಲ್ಲಾದ ಎಡದಂಡಿ ಕಾಲುವಿ ಸೀಮ್ಯಾಗಿನ ಒಂದು ಪುರಸಭಿ ಅಂದ್ರ ಸಾಕು. ಅಧ್ಯಕ್ಷರ ಚುನಾವಣಿ ಬಂತು, ಅದರ ಹಿಂದೇ ಮೆಂಬರ್‌ಗಳನ್ನ ಎಲ್ಲಿ ಬಚ್ಚಿಡಬೇಕು ಅನ್ನೋ ಚಿಂತಿನೂ ಬಂತು. ಮೊದಲೆಲ್ಲ ಗೋವಾ ಇತ್ತು, ದಾಂಡೇಲಿ ಇತ್ತು, ರೊಕ್ಕ ಕಡಿಮಿ ಇದ್ದವರು ಶ್ರೀಶೈಲಕ್ಕ ಕರಕೊಂಡು ಹೋಗಿ ಮಲ್ಲಯ್ಯನ ಮುಂದ ಆಣಿ ಮಾಡಿಸಿ ಛತ್ರದಾಗ ಮಲಗಿಸ್ತಿದ್ರು. ಈ ಸಲ ಒಂದು ಬಣದವರು ಕ್ರೂಸ್ ಬುಕ್ ಮಾಡ್ಯಾರಂತ. ಮುಂಬೈಯಾಗ ಹತ್ತೋದು, ಗೋವಾ, ಲಕ್ಷದ್ವೀಪ ಅಂತ ನೀರಾಗ ಸುತ್ತೋದು, ವಾಪಸ್ ಬಂದು ಸೀದಾ ಪುರಸಭಿ ಮುಂದ ಬಸ್ ಇಳಿದು ಕೈ ಎತ್ತೋದು.

ಈ ಐಡಿಯಾ ತೆಗೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಯಾರೇ ಇರ್ಲಿ, ಅಂವನ ಪಾದ ತೋರಿಸ್ರಿ. ನೀವೇ ವಿಚಾರ ಮಾಡ್ರಿ, ರೆಸಾರ್ಟಿಗೆ ಕಂಪೌಂಡ್ ಇರ್ತೈತಿ, ಕಂಪೌಂಡಿಗೆ ಗೇಟ್ ಇರ್ತೈತಿ, ಗೇಟಿನಾಗ ವಾಚ್‌ಮನ್ ಇರ್ತಾನ, ವಾಚ್‌ಮನ್ನಿಗೂ ಹೆಂಡ್ರು ಮಕ್ಕಳು ಇರ್ತಾರ, ಮುಂದಿಂದು ಹೇಳಬೇಕಿಲ್ಲ. ಬೆಳಗಾಗೋದ್ರಾಗ ಎರಡು ಹಾಸಿಗಿ ಖಾಲಿ. ಇದಕ್ಕಂತನ 1987ರಾಗ ಸ್ಥಳೀಯ ಸಂಸ್ಥೆಗಳಿಗೆ ಬ್ಯಾರೇನ ಪಕ್ಷಾಂತರ ನಿಷೇಧ ಕಾಯ್ದಿ ಮಾಡಿದ್ರು, ವಿಪ್ ಬಂತು, ನೋಟಿಸ್ ಬಂತು, ಕೋರ್ಟು ಬಂತು, ಜಿಗಿಯೋರು ಮಾತ್ರ ಜಿಗದ ಜಿಗದ್ರು. ಆ ಕಾಯ್ದಿ ಕೈಲಿ ಆಗದ್ದನ್ನ ಈಗ ಅರಬ್ಬಿ ಸಮುದ್ರಕ್ಕ ಗುತ್ತಿಗಿ ಕೊಟ್ಟಾರ. ಜಿಗೀತಿಯೇನಪಾ, ಜಿಗಿ ನೋಡೂಣು.

ಮ್ಯಾಲ ಫೋನಿಂದೂ ತ್ರಾಸಿಲ್ಲ. ರೆಸಾರ್ಟಿನಾಗ ಎಲ್ಲರ ಮೊಬೈಲ್ ಇಸಗೊಂಡು ಒಂದು ಕೈಚೀಲದಾಗ ಹಾಕಿ ಯಾರರ ನಂಬಿಕಸ್ತನ ತಲಿದಿಂಬಿನ ಕೆಳಗ ಇಡಬೇಕಾಗ್ತಿತ್ತು, ಆ ನಂಬಿಕಸ್ತನೇ ಮೊದಲು ಮಾರಾಟ ಆಗ್ತಿದ್ದ ಅದು ಬ್ಯಾರೆ ಮಾತು. ಹಡಗು ದಂಡಿ ಬಿಟ್ಟು ಒಳಗ ಹೋತಂದ್ರ ಟವರೇ ಇರಂಗಿಲ್ಲ. ಹಡಗಿನ ವೈಫೈ ಬೇಕಂದ್ರ ಬ್ಯಾರೆ ರೊಕ್ಕ ಕಟ್ಟಬೇಕು, ಅದನ್ನ ವಿರೋಧಿ ಬಣದವರೇ ಕಟ್ಟಿ ಕೊಟ್ಟು ಒಳಗಿನಿಂದಾನ ಆಪರೇಷನ್ ಮಾಡಿದ್ರೂ ಮಾಡ್ಯಾರು, ನಮ್ಮ ಮಂದಿ ಮ್ಯಾಲ ನನಗ ಅಷ್ಟು ಭರವಸಿ ಐತಿ.

ಟಿಕೆಟ್ ಮಾಡಿಸಿದ ಹುಡುಗ ನಮ್ಮ ಓಣಿಯವನು. ಅಂವ ಹೇಳೋ ಪ್ರಕಾರ ಬುಕಿಂಗ್ ಸಲೀಸು ಆತಂತ, ತಲಿನೋವು ಶುರುವಾಗಿದ್ದು ಪ್ಯಾಕಿಂಗಿನಾಗ. ಹಡಗಿನವರು ಏನು ತರಬೇಕು ಏನು ತರಬಾರದು ಅಂತ ಒಂದು ಪಟ್ಟಿ ಕೊಡ್ತಾರ. ಅದನ್ನ ಕನ್ನಡದಾಗ ಟೈಪ್ ಮಾಡಿ ಮೆಂಬರ್‌ಗಳ ಗ್ರೂಪಿಗೆ ಹಾಕಿದ್ದೇ ತಡ, ಸಾಮಾನ್ಯ ಸಭೆಯಾಗ ಎಂದೂ ಬಾಯಿ ಬಿಡದವರೆಲ್ಲ ವಾಯ್ಸ್ ಮೆಸೇಜ್ ಹಾಕಾಕ ಹತ್ಯಾರ.

ಮೊದಲನೇ ಏಟು ಇಸ್ತ್ರಿ ಪೆಟ್ಟಿಗಿಗೆ ಬಿತ್ತು. ಹಡಗಿನಾಗ ಬೆಂಕಿ ಅಂದ್ರ ಬಾಳ ಭಯ, ಹಂಗಾಗಿ ಇಸ್ತ್ರಿ ಪೆಟ್ಟಿಗಿ ಒಯ್ಯಂಗಿಲ್ಲ, ಕೆಟಲ್ ಒಯ್ಯಂಗಿಲ್ಲ, ಊದಿನಕಡ್ಡಿ ಹಚ್ಚಂಗಿಲ್ಲ. ಊದಿನಕಡ್ಡಿ ಬಿಟ್ಟಾರು, ದೇವರು ತಿಳಕೋತಾನ. ಇಸ್ತ್ರಿ ಹೆಂಗ ಬಿಡೋದು? ನಮ್ಮ ಕಡಿ ಪುಢಾರಿ ಅಂದ್ರ ಏನು, ಗಂಜಿ ಹಾಕಿದ ಬಿಳಿ ಅಂಗಿ. ತೋಳಿನ ಗೆರಿ ಕೈ ಇಟ್ರ ಕೊಯ್ಯಬೇಕು ಹಂಗಿರ್ತೈತಿ, ಕಿಸೆದಾಗ ಬರಿಯಾಕಲ್ಲದ ಒಂದು ಪೆನ್ನು, ಹೆಗಲ ಮ್ಯಾಲ ಶಲ್ಯ. ಸಮುದ್ರದ ಹಸಿ ಗಾಳಿಗೆ ಅದೇ ಅಂಗಿ ಮಧ್ಯಾಹ್ನದ ಹೊತ್ತಿಗೆ ಮೈಗೆ ಅಂಟಿಕೊಂಡು, ಕಾಲರ್ ಮಲಗಿ, ಒಳಗಿನ ಬನಿಯನ್ ತೂತು ಸೈತ ಕಾಣೂವಂಗ ಆದ್ರ ಆ ಮನಿಷಾ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಅಂತ ಯಾರು ನಂಬ್ತಾರ? ಒಬ್ಬರು, ದಿನಕ್ಕ ಮೂರರ ಲೆಕ್ಕದಾಗ ಇಸ್ತ್ರಿ ಅಂಗಿ ಒಯ್ಯೂಣು ಅಂದ್ರಂತ. ಇನ್ನೊಬ್ಬರು ಇಸ್ತ್ರಿಯವನನ್ನೇ ಕರಕೊಂಡು ಹೋಗೂಣು ಅಂದ್ರಂತ. ಅಂವ ಪೆಟ್ಟಿಗಿ ಇಲ್ಲದ ಅಲ್ಲಿ ಏನು ಮಾಡಬೇಕಂತ ಯಾರೂ ಕೇಳಿಲ್ಲ, ಬೇಕಂದ್ರ ಒಂದು ಠರಾವು ಪಾಸ್ ಮಾಡಿಬಿಡ್ತಾರ.

ಆಮ್ಯಾಲ ಊಟ. ಮನ್ಯಾಗ ಮಾಡಿದ ಅಡಗಿ ಹಡಗಿನೊಳಗ ಬಿಡಂಗಿಲ್ಲ ಅಂದಾಗ ಗ್ರೂಪಿನಾಗ ಸೂತಕದ ಕಳಿ ಬಂತಂತ. ಖಡಕ್ ರೊಟ್ಟಿ ಕಟ್ಟಿ ಇಟ್ಟಿದ್ರು, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಡಬ್ಬಿ ತುಂಬಿದ್ರು, ಕೆಂಪು ಖಾರ ಆಗಿತ್ತು. ಅಲ್ಲಿ ಬಫೆಯಾಗ ನೂರು ತರದ ತಿನಿಸು ಇಟ್ಟಿರ್ತಾರ್ರೀ ಅಂತ ಹುಡುಗ ಹೇಳಿದ್ರ ಒಬ್ಬ ಮೆಂಬರ್ ಕೇಳಿದ ಪ್ರಶ್ನಿ ಒಂದೇ, "ಮುಂಜಾನೆ ಒಗ್ಗರಣಿ ಮಿರ್ಚಿ ಸಿಗ್ತೈತೇನು ಇಲ್ಲೇನು, ಅಷ್ಟು ಹೇಳು." ಈ ಒಂದು ವಿಷಯದಾಗ ನಾನು ಪಕ್ಷಭೇದ ಮರೆತು ಆ ಮೆಂಬರ್ ಕಡಿ ಇದೀನಿ.

ಬಾಟ್ಲಿ ಒಯ್ದ್ರ ಹತ್ತೋ ಮುಂದನ ಇಸಗೋತಾರ, ಒಳಗ ಅವರ ಕಡಿನೇ ಕೊಳ್ಳಬೇಕು. ಇದರ ಬಗ್ಗೆ ನಡೆದ ಚರ್ಚಾ ಸಭ್ಯರು ಓದೂವಂತದ್ದಲ್ಲ.

ಎಲಿ ಅಡಿಕಿ, ಗುಟ್ಕಾದ ಮಾತು ಬರೀಲೇಬೇಕು. ಬಾಲ್ಕನಿ ಇರೋ ರೂಮು ಬೇಕಂತ ಹಟ ಹಿಡಿದವರು ಸಮುದ್ರ ನೋಡಾಕ ಅಂತ ನೀವು ತಿಳಕೊಂಡ್ರ ನಮ್ಮ ಮಂದಿ ನಿಮಗ ಗೊತ್ತಿಲ್ಲ. ಕಿಡಿಕಿ ಇಲ್ಲದ ಒಳಗಿನ ರೂಮು ಅಗ್ಗ, ಕಿಡಿಕಿ ಇರೋದು ಸ್ವಲ್ಪ ತುಟ್ಟಿ, ಬಾಲ್ಕನಿದು ಬಾಳ ತುಟ್ಟಿ. "ಬಾಲ್ಕನಿ ಇಲ್ಲಾಂದ್ರ ಉಗುಳೋದೆಲ್ಲಿ?" ಅಂತ ಸೀದಾ ಕೇಳ್ಯಾರ. ಪಾಪ, ಬಸ್ಸಿನ ಕಿಡಿಕಿ ಹಂಗ ಅಲ್ಲರೀ ಅದು, ಹಡಗಿನ ಮಗ್ಗಲಿಗೆ ಗಾಳಿ ಕೆಳಗಿನಿಂದ ಮ್ಯಾಲ ಬೀಸ್ತೈತಿ. ಉಗುಳಿದ್ದೆಲ್ಲ ಮಾಲಕರಿಗೇ ವಾಪಸ್, ಅದೂ ಬಿಳಿ ಅಂಗಿ ಮ್ಯಾಲ, ಅದೂ ಇಸ್ತ್ರಿ ಇಲ್ಲದ ಊರಾಗ. ಪ್ರಜಾಪ್ರಭುತ್ವದಾಗ ಇಷ್ಟು ಜಲ್ದಿ ನ್ಯಾಯ ಸಿಗೋ ಜಾಗ ಬ್ಯಾರೆ ಯಾವುದೈತಿ ಹೇಳ್ರಿ.

ಇದನ್ನೆಲ್ಲ ಕೇಳಿ ನನಗೂ ಹಡಗಿನ ಹುಚ್ಚು ಹಿಡಿದು ರಾತ್ರಿ ಯೂಟ್ಯೂಬ್ ನೋಡಕೋತ ಕುಂತೆ. ಐಕಾನ್ ಆಫ್ ದಿ ಸೀಸ್ ಅಂತ ಒಂದೈತಿ, ಜನವರಿ 2024ರಾಗ ಅಮೆರಿಕಾದ ಮಯಾಮಿಯಿಂದ ಹೊಂಟಿದ್ದು, ಉದ್ದ 365 ಮೀಟರ್, 20 ಡೆಕ್. ತುಂಬಿದ್ರ 7,600 ಪ್ರಯಾಣಿಕರು, ಅವರ ಸೇವಾಕ್ಕ 2,350 ಕೆಲಸದವರು. ಕೂಡಿಸಿ ನೋಡ್ರಿ, 9,950. ನಮ್ಮ ರಾಜ್ಯದಾಗ ಜನಸಂಖ್ಯೆ 10,000 ಮುಟ್ಟಿದ್ರ ಪಟ್ಟಣ ಪಂಚಾಯ್ತಿ ಮಾಡಾಕ ಬರ್ತೈತಿ. ಐವತ್ತೇ ಐವತ್ತು ಮಂದಿ ಕಡಿಮಿ ಬಿದ್ದು ಆ ಹಡಗು ಬಚಾವಾಗೈತಿ ನೋಡ್ರಿ! ಇಲ್ಲಾಂದ್ರ ಇಷ್ಟೊತ್ತಿಗೆ ಹತ್ತೋ ಮೆಟ್ಟಿಲ ಹತ್ರ ಒಂದು ಸ್ವಾಗತ ಕಮಾನು ಎದ್ದಿರ್ತಿತ್ತು, ಅದರ ಮ್ಯಾಲ ಹುಟ್ಟುಹಬ್ಬದ ಫ್ಲೆಕ್ಸು. ಎಂಟನೇ ಡೆಕ್ಕಿನಾಗ ಹೈಮಾಸ್ಟ್ ದೀಪ, ಹಗಲು ಉರಿಯೋದು ರಾತ್ರಿ ಆರೋದು. ಸ್ವಿಮ್ಮಿಂಗ್ ಪೂಲಿನ ಹೂಳೆತ್ತೋ ಕಾಮಗಾರಿಗೆ ಟೆಂಡರ್, ಹೂಳು ಇಲ್ಲ ಅಂದ್ರ ಮೊದಲು ಹೂಳು ತುಂಬೋ ಕಾಮಗಾರಿಗೆ ಇನ್ನೊಂದು ಟೆಂಡರ್. ಲೈಫ್‌ಬೋಟ್ ಫಲಾನುಭವಿಗಳ ಪಟ್ಟಿ ಅಂತ ಒಂದು ಆಗಿರ್ತಿತ್ತು, ಅದ್ರಾಗ ಮೆಂಬರ್‌ನ ಅಳಿಯ, ಮೈದುನ, ಸತ್ತು ಹೋದ ಚಿಗವ್ವ ಎಲ್ಲಾರ ಹೆಸರೂ ಇದ್ದು ಕ್ಯಾಪ್ಟನ್‌ನ ಹೆಸರು ಬಿಟ್ಟು ಹೋಗಿರ್ತಿತ್ತು. ಕ್ಯಾಬಿನ್ನುಗಳಿಗೆ ಇ-ಖಾತಾ ಮಾಡಿಸಾಕ ಪ್ರಯಾಣಿಕರು ಹರತಾಳ ಕೂಡ್ತಿದ್ರು.

ಅದೇ ವಿಡಿಯೋದಾಗ ಇನ್ನೊಂದು ತೋರಿಸಿದ್ರು, ಅದನ್ನ ನೋಡಿ ನಗು ನಿಂತು ಹೋತು. ದೊಡ್ಡ ಹಡಗುಗಳು ಕುಡಿಯೋ ನೀರನ್ನ ದಂಡಿಯಿಂದಷ್ಟೇ ತುಂಬಿಕೊಂಡು ಹೋಗಂಗಿಲ್ಲ. ಸಮುದ್ರದ ಉಪ್ಪು ನೀರನ್ನೇ ಎಳಕೊಂಡು, ಕಾಯಿಸಿ ಆವಿ ಮಾಡಿ ಇಲ್ಲಾ ಆರ್‌ಓ ಮಷೀನಿಗೆ ಹಾಕಿ, ಅಷ್ಟೂ ಮಂದಿಗೆ ಕುಡಿಯಾಕ, ಜಳಕಕ್ಕ ಅಲ್ಲೇ ತಯಾರು ಮಾಡ್ತಾವ. ಸಂಡಾಸದ ನೀರು ಶುದ್ಧ ಮಾಡಾಕ ಹಡಗಿನಾಗೇ ಬ್ಯಾರೆ ಘಟಕ. ಪ್ಲಾಸ್ಟಿಕ್ ಒಂದು ಚೂರೂ ಸಮುದ್ರಕ್ಕ ಎಸಿಯಂಗಿಲ್ಲ ಅಂತ ಅಂತರರಾಷ್ಟ್ರೀಯ ಕಾನೂನು ಐತಿ.

ನಮ್ಮದು ಕೃಷ್ಣಾ ಒಂದು ಕಡಿ, ತುಂಗಭದ್ರಾ ಒಂದು ಕಡಿ ಇರೋ ಜಿಲ್ಲಾ. ಎಡದಂಡಿ ಕಾಲುವಿಗೆ ನೀರು ಬಿಟ್ಟಾಗ ಊರ ಕೆರಿ ತುಂಬಿಸಿಕೊಂಡು, ಬ್ಯಾಸಗಿ ಪೂರ್ತಿ ಆ ಪಾಚಿ ಕಟ್ಟಿದ ನೀರನ್ನೇ ಕುಡೀಬೇಕು. ನಲ್ಲಿ ಬರೋ ದಿನ ಹಬ್ಬದ ದಿನ ಇದ್ದಂಗ. ಶುದ್ಧ ಕುಡಿಯುವ ನೀರಿನ ಘಟಕ ಅಂತ ಹಸರ ಬಣ್ಣದ ಡಬ್ಬಿ ಇಟ್ಟು ರಿಬ್ಬನ್ ಕತ್ತರಿಸಿದ್ರಲ್ಲ, ಅದರ ಬಾಗಿಲಿಗೆ ಬಡಿದ ಕೀಲಿಗೆ ಜಂಗು ಹಿಡಿದೈತಿ, ಐದು ರೂಪಾಯಿ ಕಾಯಿನ್ ಹಾಕೋ ತೂತಿನಾಗ ಹುಡುಗರು ಹಳ್ಳು ತುರುಕ್ಯಾರ. 2022ರಾಗ ರಾಯಚೂರು ನಗರದಾಗ ಏನಾತು ಅಂತ ನೆನಪು ಐತಲ್ಲ? ನಲ್ಲಿ ನೀರು ಕುಡಿದು ವಾಂತಿ ಭೇದಿ, ಆಸ್ಪತ್ರಿ ತುಂಬ ಮಂದಿ, ಜೀವ ಹೋದ್ವು. ಯುದ್ಧ ಇಲ್ಲ, ಪ್ರವಾಹ ಇಲ್ಲ, ಮನ್ಯಾಗಿನ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದು ಸತ್ರು. ತನಿಖಿ ಅಂದ್ರು, ಪರಿಹಾರ ಅಂದ್ರು, ಮುಗೀತು. 1912ರಾಗ ಟೈಟಾನಿಕ್ ಮುಳುಗಿ ಸುಮಾರು 1,500 ಮಂದಿ ಸತ್ತಾಗ, ಎರಡೇ ವರ್ಷಕ್ಕ ಬ್ಯಾರೆ ಬ್ಯಾರೆ ದೇಶದವರು ಕೂಡಿ ಕುಂತು ಹಡಗಿನ ಮ್ಯಾಲ ಎಷ್ಟು ದೋಣಿ ಇರಬೇಕು ಅಂತ ಒಪ್ಪಂದ ಬರದ್ರು. ಇವತ್ತಿಗೂ ಹಡಗು ಹೊರಡೋಕಿಂತ ಮೊದಲು ಎಂಥಾ ಕೋಟ್ಯಧೀಶ ಇದ್ರೂ ಅಪಾಯ ಬಂದ್ರ ಎಲ್ಲಿ ಹೋಗಿ ನಿಲ್ಲಬೇಕು ಅನ್ನೋ ಪಾಠ ಕೇಳಬೇಕು. ನಮ್ಮ ಕಡಿ ಸತ್ತವರ ಮನಿಗೆ ಹೋಗಿ ಫೋಟೋ ಹೊಡಿಸಿಕೊಂಡು ಬರೋದೇ ಪಾಠ. ಪೈಪ್ ಅವೇ, ಚರಂಡಿ ಅವೇ, ಚರಂಡಿ ಒಳಗಿಂದನೇ ಪೈಪ್ ಹೋಗೋದೂ ಅದೇ. ಇದನ್ನ ನೋಡೋ ಕೆಲಸ ಯಾರದು? ಲಕ್ಷದ್ವೀಪದ ಕಡಿ ಹೊಂಟಾರಲ್ಲ, ಅವರದೇ. ಬರದೂ ಬರದೂ ಸಾಕಾಗೈತ್ರಿ.

ಇರ್ಲಿ. ಹಡಗಿಗೆ ವಾಪಸ್ ಬರೂಣು.

ಖರ್ಚು ಯಾರದು ಅಂತ ಕೇಳಬ್ಯಾಡ್ರಿ, ಅಧ್ಯಕ್ಷ ಆಗಬೇಕು ಅನ್ನೋವರದು, ಆದ ಮ್ಯಾಲ ನಿಮ್ಮದು. ಕೈ ಎತ್ತೋ ದಿನ ಎಮ್ಮೆಲ್ಲೆ, ಎಂಪಿಗೂ ವೋಟ್ ಇರ್ತೈತಿ, ಅವರನ್ನೂ ಹಡಗಿನಾಗ ಕೂಡಿಸೂಣೇನು ಅಂತ ಒಬ್ಬರು ಕೇಳಿದ್ರಂತ, ಅವರ ಹಡಗು ಬ್ಯಾರೆ ಇರ್ತೈತಿ ಅಂತ ಹಿರಿಯ ಮೆಂಬರ್ ಸಮಾಧಾನ ಮಾಡ್ಯಾರ. ವಾಂತಿ ಆಗಬಾರದು ಅಂತ ಅವೊಮಿನ್ ಗುಳಿಗಿ ಡಬ್ಬಿಗಟ್ಟಲೆ ತೊಗೊಂಡಾರ, ಯಾಕಂದ್ರ ಬಯಲುಸೀಮಿ ಮಂದಿ ನಾವು, ಅಂಕೋಲಾ ಘಾಟಿನಾಗ ಬಸ್ ಎರಡು ತಿರುವು ತಿರುಗಿದ್ರ ನಮ್ಮ ಕತಿ ಮುಗೀತು. ಒಂದು ರಾತ್ರಿ ಎಲ್ಲಾರೂ ಸೂಟು ಬೂಟು ಹಾಕಿಕೊಂಡು ಊಟಕ್ಕ ಬರಬೇಕು ಅಂತ ಐತಂತ. ಮದವಿ ಸೂಟು ಹೊರಗ ತೆಗೆದ್ರು, ಗುಂಡಿ ಹತ್ತವಲ್ದು. ಟೇಲರ್‌ಗೆ ಈ ವಾರ ನಮ್ಮ ನಿಮ್ಮ ಅರಿವಿ ಹೊಲಿಯಾಕ ಪುರಸೊತ್ತಿಲ್ಲ.

ಹುಡುಗ ಕಡೀಕ ಸಿಕ್ಕಿ ಬಿದ್ದಿದ್ದು ಹೆಸರಿನಾಗ. ಪುರಸಭಿಯಾಗ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು, ಅದು ನಿಮಗೆ ಗೊತ್ತು. ಗೆದ್ದವರು ಅವರು, ಮೆಂಬರ್ ಅನಿಸಿಕೊಳ್ಳೋರು ಅವರ ಗಂಡಂದಿರು, ಅದೂ ಗೊತ್ತು. ಸಭೆಯಾಗ ನಡೀತೈತಿ, ಗುತ್ತಿಗೆದಾರರ ಮುಂದ ನಡೀತೈತಿ, ಗಾಡಿ ನಂಬರ್ ಪ್ಲೇಟಿನ ಮ್ಯಾಲ ಕೆಂಪು ಅಕ್ಷರದಾಗ ನಡೀತೈತಿ. ಬಂದರದಾಗ ನಡಿಯಂಗಿಲ್ಲ. ಅಲ್ಲಿ ಆಧಾರ್ ನೋಡ್ತಾರ, ಮಾರಿ ನೋಡ್ತಾರ, ಹೆಸರು ಬರದ ಕಾರ್ಡ್ ಕೈಗೆ ಕೊಡ್ತಾರ.

"ಅಣ್ಣಾರ, ಮೆಂಬರ್ ಹೆಸರು ಹೇಳ್ರಿ" ಅಂದಾನ ಹುಡುಗ. ಅವರು ತಮ್ಮ ಹೆಸರು ಹೇಳ್ಯಾರ. "ಅಲ್ರೀ ಅಣ್ಣಾರ, ಗೆದ್ದ ಮೆಂಬರದು." ಸ್ವಲ್ಪ ಹೊತ್ತು ಮಾತಿಲ್ಲ. "ತಡಿ, ಅಕಿ ಹೆಸರು ಆಧಾರದಾಗ ಹೆಂಗೈತೋ ಏನೋ, ಕೇಳಿ ಹೇಳ್ತೀನಿ" ಅಂತ ಫೋನ್ ಹೆಂಡತಿ ಕೈಗೆ ಕೊಟ್ಟಾರ.

ಅಕ್ಕಾರು ಹೆಸರು ಹೇಳಿ ಮುಗಿಸಿ ಮೆಲ್ಲಕ ಕೇಳ್ಯಾರ, "ತಮ್ಮಾ, ಅಲ್ಲಿ ಅಡಗಿ ಮಾಡೋದು ಇರಂಗಿಲ್ಲಲ್ಲ?"

"ಇಲ್ರೀ ಅಕ್ಕಾರ."

"ಹಾಸಿಗಿ ಮಡಚೋದು?"

"ಅವರ ಬಂದು ಮಡಚಿ ಹೋಗ್ತಾರ್ರೀ."

"ಹಂಗಾದ್ರ ನಂದೊಂದೇ ಹಾಕು. ಇವರು ಮನ್ಯಾಗಿರ್ಲಿ, ದನ ನೋಡಿಕೋತಾರ."

"ಅಕ್ಕಾರ, ಒಂದು ರೂಮಿನಾಗ ಒಬ್ಬರೇ ಹೋದ್ರೂ ಹತ್ತಿ ಹತ್ತಿ ಇಬ್ಬರ ರೊಕ್ಕ ಬೀಳ್ತೈತ್ರಿ ಅಲ್ಲಿ."

"ಬೀಳವಲ್ದ್ಯಾಕ ತಮ್ಮಾ, ರೊಕ್ಕ ನಮ್ಮದೇನು?"