ನಿಂತದ್ದಕ್ಕೆ ಕೂಲಿ ಇಲ್ಲ

ಇವತ್ತು ಬೆಳಿಗ್ಗೆ ಬಂದು ಇನ್ನೂ ಶೂ ಬಿಚ್ಚಿರಲಿಲ್ಲ, ಮೊಬೈಲ್ ಟಣ್ ಅಂದಿತು. ‘ರಾಕೆಟ್ ಇವತ್ತು ಬರೀ 612 ಹೆಜ್ಜೆ ನಡೆದಿದ್ದಾನೆ. ಅರ್ಧ ದುಡ್ಡು ಲೆಕ್ಕ ಹಾಕೋಣ ಅಲ್ವಾ?’ ಕೊನೆಗೆ ಕೈ ಮುಗಿದ ಒಂದು ಚಿತ್ರ.

ಕೈ ಮುಗಿದುಕೊಂಡೇ ದುಡ್ಡು ಮುರಿಯುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೂ ಮಾಡಿಕೊಂಡೆ.

ರಾಕೆಟ್ ಅಂದರೆ ನಾನು ದುಡ್ಡಿಗೆ ವಾಕಿಂಗ್ ಕರೆದುಕೊಂಡು ಹೋಗುವ ಒಂದು ಲ್ಯಾಬ್ರಡಾರ್ ನಾಯಿ. ಮೆಸೇಜು ಅದರ ಒಡತಿ ಮೇಡಂದು. ವಯಸ್ಸು ಐದು, ತೂಕ 38 ಕಿಲೋ. ಮರಿಯಾಗಿದ್ದಾಗ ಮನೆ ತುಂಬ ಓಡಾಡುತ್ತಿತ್ತಂತೆ, ಅದಕ್ಕೇ ಆ ಹೆಸರು. ಈಗ ಹೆಸರು ಉಳಿದಿದೆ, ಇಂಧನ ಖಾಲಿ. ಅದರ ಕೊರಳಪಟ್ಟಿಗೆ ಒಂದು ಬಿಲ್ಲೆ ಸಿಕ್ಕಿಸಿದ್ದಾರೆ. ನಾಯಿ ಎಲ್ಲಿದೆ, ಎಷ್ಟು ಹೆಜ್ಜೆ ಹಾಕಿತು, ಎರಡನ್ನೂ ಆ ಬಿಲ್ಲೆ ಮೇಡಂ ಮೊಬೈಲಿಗೆ ಚಾಡಿ ಹೇಳುತ್ತದೆ. ಕಳೆದುಹೋದರೆ ಹುಡುಕಲು ಅನುಕೂಲ ಅಂತ ತಂದದ್ದು. ಕಳೆದುಹೋಗಬೇಕಾದರೆ ಮೊದಲು ನಡೆಯಬೇಕಲ್ಲ! 612ನ್ನು ನಾಲ್ಕು ಕಾಲಿಗೆ ಹಂಚಿದರೆ ಕಾಲಿಗೆ 153 ಹೆಜ್ಜೆ. ಅದೂ ಮುಕ್ಕಾಲು ಗಂಟೆಯಲ್ಲಿ. ಉಳಿದ ಹೊತ್ತೆಲ್ಲ ಅದು ನಿಂತಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ನಾನೂ ನಿಂತಿದ್ದೆ.

ಈ ಕೆಲಸಕ್ಕೆ ಇಳಿದದ್ದು ನನ್ನದೇ ಲೆಕ್ಕಾಚಾರದಿಂದ. ಸಂಬಳ ಇಪ್ಪತ್ತನೇ ತಾರೀಖಿಗೇ ಏದುಸಿರು ಬಿಡುತ್ತದೆ. ಅತ್ತ ಡಾಕ್ಟರು, ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀರಿ ಅಂದಿದ್ದರು. ಹೇಗೂ ನಡೆಯಲೇಬೇಕು. ಆ ನಡಿಗೆಗೆ ಯಾರಾದರೂ ದುಡ್ಡು ಕೊಟ್ಟರೆ? ಹೆಂಡತಿಗೆ ಹೇಳಿದೆ. ಅವಳು ತಲೆ ಎತ್ತದೆ, ‘ನಾಯಿಗೂ ಡಾಕ್ಟರ್ ಹೇಳಿದ್ದಾರಾ?’ ಅಂದಳು. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಆದರೆ ನಾನು ಆಗಷ್ಟೇ ಜಿಮ್ ಬಕ್ ಎಂಬುವನ ಬಗ್ಗೆ ಓದಿದ್ದೆ. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಈತ ಊರವರ ನಾಯಿಗಳನ್ನು ನಡೆಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಕೈಕೆಳಗೆ ಹುಡುಗರನ್ನು ಇಟ್ಟುಕೊಂಡು ದಿನಕ್ಕೆ 150ಕ್ಕೂ ಹೆಚ್ಚು ನಾಯಿಗಳನ್ನು ನಡೆಸುತ್ತಿದ್ದನಂತೆ. ಅವನು 150 ನಡೆಸಿದರೆ ನಾನು ಒಂದನ್ನು ನಡೆಸಲಾರೆನಾ ಅನಿಸಿತು. ಆತನ ಕಾಲದಲ್ಲಿ ಮೊಬೈಲ್ ಇರಲಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ನಾಯಿ ಯಾಕೆ ನಿಲ್ಲುತ್ತದೆ ಅಂತ ನಾನು ಸಾಕಷ್ಟು ಓದಿದ್ದೇನೆ. ಓದಲು ಸಮಯ ಬೇಕಾದಷ್ಟು ಸಿಕ್ಕಿತ್ತು, ನಿಂತೇ ಇದ್ದೆನಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50-60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 30 ಕೋಟಿವರೆಗೂ ಇರುತ್ತವೆ. ಉಸಿರು ಬಿಡುವಾಗಲೂ ಮೂಗಿನ ಪಕ್ಕದ ಸೀಳಿನಿಂದ ಬಿಡುತ್ತದೆ, ಎದುರಿಗಿರುವ ವಾಸನೆ ಚದುರದಿರಲಿ ಅಂತ. ಅಷ್ಟು ದೊಡ್ಡ ಸಿಬ್ಬಂದಿ ಇಟ್ಟುಕೊಂಡು ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸು ಅಂದರೆ ಹೇಗೆ? ರಾಕೆಟ್ ಪ್ರತಿ ಕಂಬವನ್ನೂ ಹಳೇ ಕಾಲದ ಬ್ಯಾಂಕ್ ಗುಮಾಸ್ತರು ಸಹಿ ತಾಳೆ ನೋಡಿದ ಹಾಗೆ ನೋಡುತ್ತದೆ. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ. ಸರಿ ಅನಿಸಿದರೆ ಮುಂದೆ ನಾಲ್ಕು ಹೆಜ್ಜೆ ಇಡುತ್ತದೆ. ಮತ್ತೆ ಅನುಮಾನ ಬಂದು ವಾಪಸ್. ಕೊನೆಗೆ ಕಾಲೆತ್ತಿ ತನ್ನದೂ ಒಂದು ಸಹಿ. ಆಮೇಲೆ ಆ ಸಹಿಯ ತಾಳೆ.

ಮೂಸುವುದು ನಾಯಿಯ ತಲೆಗೆ ಒಳ್ಳೆಯ ವ್ಯಾಯಾಮ, ಸುಮ್ನೆ ಓಡಿಸುವುದಕ್ಕಿಂತ ಅದಕ್ಕೆ ಇದೇ ಇಷ್ಟ ಅಂತ ಮೇಡಂಗೆ ಒಮ್ಮೆ ವಿವರವಾಗಿ ಬರೆದಿದ್ದೆ. ಉತ್ತರ ಬಂತು: ‘ಮೂಸೋದು ಅವನೇ ಮಾಡ್ತಾನಲ್ಲ, ಅದಕ್ಕೆ ನಿಮಗೆ ಯಾಕೆ ದುಡ್ಡು?’ ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಮೂಸಾಟ ಮುಗಿದ ಮೇಲೆ ಸುತ್ತಾಟ. ಅಂದರೆ ಮುಖ್ಯ ಕಾರ್ಯಕ್ರಮಕ್ಕೆ ಮುಂಚೆ ನಾಯಿ ನಿಂತಲ್ಲೇ ಗಿರಗಿರ ತಿರುಗುತ್ತದಲ್ಲ, ಅದು. ಜೆಕ್ ಮತ್ತು ಜರ್ಮನಿಯ ಕೆಲವು ಸಂಶೋಧಕರು ಇದನ್ನೂ ಬಿಟ್ಟಿಲ್ಲ. 70 ನಾಯಿಗಳು, 37 ತಳಿಗಳು, 1,893 ಸಲದ ಮಲವಿಸರ್ಜನೆ. ಎಲ್ಲವನ್ನೂ ಗಮನಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ ದಕ್ಷಿಣವಾಗಿ ಕೂರಲು ಇಷ್ಟಪಡುತ್ತವೆ ಅಂತ 2013ರಲ್ಲಿ ಪ್ರಕಟಿಸಿದರು. ಅಂದರೆ ಯಾರೋ ಪುಣ್ಯಾತ್ಮರು 1,893 ಸಲ ದಿಕ್ಕು ಗುರುತು ಮಾಡಿಕೊಳ್ಳುತ್ತಾ ನಾಯಿಯ ಹಿಂದೆ ನಿಂತಿದ್ದರು. 2014ರಲ್ಲಿ ಆ ಸಂಶೋಧನೆಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಇರುವ ಇಗ್‌ನೊಬೆಲ್ ಬಹುಮಾನ ಸಿಕ್ಕಿತು. ಅದೇ ಕೆಲಸಕ್ಕೆ ನನಗೆ ಅರ್ಧ ಕೂಲಿ.

ರಾಕೆಟ್‌ಗೆ ಮಾತ್ರ ಈ ಸಂಶೋಧನೆ ಒಪ್ಪಿಗೆಯಿಲ್ಲ. ಮೊಬೈಲಿನ ದಿಕ್ಸೂಚಿ ಹಿಡಿದು ಒಂದು ವಾರ ನೋಡಿದೆ. ಜನ ಜಾಸ್ತಿ ಯಾವ ಕಡೆ ಇದ್ದಾರೋ ಅದೇ ಅದರ ಉತ್ತರ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ವಿಡಿಯೋ ಕಾಲ್.

ಎರಡು ತಿಂಗಳ ಹಿಂದೆ ರಾಕೆಟ್ ಹೊಟ್ಟೆ ಕೆಟ್ಟಿತ್ತು. ಪಶುವೈದ್ಯರು, ನಾಲ್ಕು ದಿನ ಸ್ವಲ್ಪ ಗಮನಿಸಿ ಅಂದಿದ್ದರು. ಹೊಟ್ಟೆ ಮೂರೇ ದಿನಕ್ಕೆ ಸರಿಹೋಯಿತು. ಗಮನಿಸುವುದು ಇನ್ನೂ ನಿಂತಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಸರಿಯಾಗಿ ಕಾಲ್ ಬರುತ್ತದೆ. ‘ಆಯ್ತಾ?’ ಅನ್ನುತ್ತಾರೆ. ಮೊದಲ ದಿನ ನನ್ನ ಕಾಫಿ ಆಯ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು, ‘ಆಗಲೇ ಎರಡು ಸಲ ಆಯ್ತು ಮೇಡಂ’ ಅಂದುಬಿಟ್ಟೆ. ಅವರು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ್ದರು.

ಕಳೆದ ತಿಂಗಳ ಒಂದು ಸೋಮವಾರ. ಬಲಗೈಯಲ್ಲಿ 38 ಕಿಲೋದ ಹಗ್ಗ. ಎಡಗೈಗೆ ಕೈಗವಸಿನಂತೆ ಒಳಹೊರಗು ಮಾಡಿ ತೊಟ್ಟ ಪ್ಲಾಸ್ಟಿಕ್ ಚೀಲ. ಇನ್ನೇನು ಬಗ್ಗಬೇಕು, ಕಾಲ್ ಬಂತು. ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಹೇಗೋ ಫೋನ್ ಹಿಡಿದೆ.

‘ಎತ್ತಬೇಡಿ ಎತ್ತಬೇಡಿ, ಮೊದಲು ತೋರಿಸಿ!’

ತೋರಿಸಿದೆ.

‘ಇನ್ನೂ ಸ್ವಲ್ಪ ಹತ್ತಿರ. ನಿಮ್ಮ ನೆರಳು ಬೀಳ್ತಿದೆ ನೋಡಿ.’

ಕುಕ್ಕರುಗಾಲಲ್ಲಿ ಕೂತೆ. ನೆರಳು ಬೀಳದ ಹಾಗೆ ಒಂದು ಪಕ್ಕಕ್ಕೆ ವಾಲಿದೆ. ಡಾಕ್ಟರು ಹೇಳಿದ ವ್ಯಾಯಾಮದಲ್ಲಿ ಇದು ಇರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ದನಿ.

‘ಏನ್ರೀ ಇದು, ಏನಾದ್ರೂ ಬೀಳಿಸ್ಕೊಂಡ್ರಾ?’

ನಮ್ಮ ಆಫೀಸಿನ ಮ್ಯಾನೇಜರ್. ಜಾಗಿಂಗ್ ಬಟ್ಟೆಯಲ್ಲಿದ್ದರು. ಈ ಉಪಕಸುಬಿನ ವಿಷಯ ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಏಳಲು ನೋಡಿದೆ, ಮೊಣಕಾಲು ಏಳಲಿಲ್ಲ. ಪಾಪ, ಅವರು ಹುಡುಕಲು ಸಹಾಯ ಮಾಡೋಣ ಅಂತ ನನ್ನ ಪಕ್ಕದಲ್ಲೇ ಕೂತರು. ಕೂತ ಮೇಲೆ, ಎದುರಿಗೆ ಏನಿದೆ ಅಂತ ನೋಡಿದರು.

‘ಯಾರದು, ಯಾರೋ ಇದ್ದಾರಲ್ಲ?’ ಅಂತು ಫೋನು.

‘ನಮ್ಮ ಮ್ಯಾನೇಜರ್ ಮೇಡಂ.’

‘ಒಳ್ಳೇದಾಯ್ತು. ಸರ್, ನೀವೊಮ್ಮೆ ನೋಡಿ ಹೇಳಿ. ಇವರಿಗೆ ಬಣ್ಣ ಅಷ್ಟು ಗೊತ್ತಾಗಲ್ಲ.’

ಮೀಟಿಂಗ್ ಕರೆಯದೆ ಒಂದು ಅಭಿಪ್ರಾಯವನ್ನೂ ಹೇಳದ ಮನುಷ್ಯ ನಮ್ಮ ಮ್ಯಾನೇಜರ್. ನನ್ನ ರಜೆ ಅರ್ಜಿಯ ಮೇಲೆ ತೀರ್ಮಾನ ಮಾಡಲು ಹನ್ನೊಂದು ದಿನ ತೆಗೆದುಕೊಂಡವರು. ಅಂಥವರು ಕನ್ನಡಕ ಸರಿಮಾಡಿಕೊಂಡು, ತಲೆ ಆ ಕಡೆ ಈ ಕಡೆ ಓಲಿಸಿ, ‘ಸ್ವಲ್ಪ ಹಳದಿ ಕಡೆಗಿದೆ ಅನ್ಸುತ್ತೆ ಮೇಡಂ’ ಅಂದರು. ‘ಗಟ್ಟಿ?’ ಅಂತು ಫೋನು. ‘ನೋಡೋಕೆ ಗಟ್ಟಿ ಇದ್ದಂಗಿದೆ’ ಅಂದರು. ನಿನ್ನೆ ಏನು ತಿಂದಿದ್ದ, ನೀರು ಎಷ್ಟು ಕುಡೀತಾನೆ, ಹುಳುವಿನ ಔಷಧಿ ಕೊಟ್ಟು ಎಷ್ಟು ದಿನ ಆಯ್ತು, ಎಲ್ಲ ಬಂತು. ಇಬ್ಬರೂ ನನ್ನ ಫೋನಿನಲ್ಲಿ, ನನ್ನ ಕೈಯ ಮೇಲೆ, ಐದು ನಿಮಿಷ ಮಾತಾಡಿದರು. ನಾನು ಸ್ಟ್ಯಾಂಡ್ ಆಗಿದ್ದೆ. ಇಷ್ಟಕ್ಕೆಲ್ಲ ಕಾರಣನಾದ ರಾಕೆಟ್ ಅಮ್ಮನ ದನಿ ಕೇಳಿ, ಅಮ್ಮ ಫೋನಿನ ಹಿಂದೆ ಅಡಗಿದ್ದಾರೆ ಅಂದುಕೊಂಡು ನಮ್ಮಿಬ್ಬರನ್ನೂ ಸುತ್ತುಹಾಕಿತು. ಹಗ್ಗ ಅದರ ಕೊರಳಲ್ಲೇ ಇತ್ತು. ಬಿಡಿಸಿಕೊಂಡು ಏಳುವಾಗ ಮ್ಯಾನೇಜರ್ ನನ್ನ ಹೆಗಲು ಹಿಡಿದಿದ್ದರು. ಹತ್ತು ವರ್ಷದ ಸರ್ವೀಸಿನಲ್ಲಿ ನಾವು ಅಷ್ಟು ಹತ್ತಿರವಾದದ್ದು ಅದೇ ಮೊದಲು.

ಆಮೇಲಿಂದ ಆಫೀಸಿನಲ್ಲಿ ದಿನಾ ಎಲ್ಲರೆದುರೇ, ‘ಏನ್ರೀ, ಇವತ್ತು ಬಣ್ಣ ಹೇಗಿದೆ?’ ಗೊತ್ತಿಲ್ಲದವರು ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇನೆ ಅಂದುಕೊಂಡಿದ್ದಾರೆ. ಗೊತ್ತಿರುವವರು ಊಟದ ಹೊತ್ತಿಗೆ ಬೇರೆ ಮೇಜಿಗೆ ಹೋಗುತ್ತಾರೆ.

ಮ್ಯಾನೇಜರೇ ನನ್ನ ಎರಡನೇ ಗಿರಾಕಿಯಾದರು. ಅವರು ಮೂರು ದಿನ ಊರಿಗೆ ಹೋದಾಗ ಮನೆಯ ಬೆಕ್ಕನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬೆಕ್ಕಿಗೆ ಮನೆ ಬದಲಾದರೆ ಆಗುವುದಿಲ್ಲ, ಹಾಗಾಗಿ ನಾನೇ ಅಲ್ಲಿಗೆ ಹೋಗಬೇಕು. ನಾಲ್ಕು ಪುಟದ ಸೂಚನೆ ಕೊಟ್ಟಿದ್ದರು. ಲಿಲ್ಲಿ ಹೂವು ಒಳಗೆ ತರಬಾರದು ಅಂತ ಕೆಂಪು ಗೆರೆ ಎಳೆದಿದ್ದರು. ಅದು ಸರಿಯೇ, ಲಿಲ್ಲಿಯ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಉಳಿದ ಮೂರೂ ಮುಕ್ಕಾಲು ಪುಟ ಬೆಕ್ಕಿನ ಸ್ವಭಾವದ ವರ್ಣನೆ. ಬಹಳ ಪ್ರೀತಿಯದು, ತೊಡೆ ಬಿಟ್ಟು ಏಳುವುದಿಲ್ಲ ಅಂತೆಲ್ಲ. ಆ ಬೆಕ್ಕನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಬಟ್ಟಲು ಖಾಲಿಯಾಗುತ್ತಿತ್ತು, ಮರಳಿನ ತಟ್ಟೆ ತುಂಬುತ್ತಿತ್ತು. ಮೂರು ದಿನ ನಾನು ನೋಡಿಕೊಂಡದ್ದು ಒಂದು ವದಂತಿಯನ್ನು.

ಈ ಕಸುಬಿನಲ್ಲಿ ದುಡ್ಡು ಇಲ್ಲವೇ ಇಲ್ಲ ಅಂತಲ್ಲ. ಬರುತ್ತದೆ. ಬಂದು ಹೊಸ ಶೂಗೆ, ಚೀಲದ ಸುರುಳಿಗೆ, ಸೊಂಟದ ಮುಲಾಮಿಗೆ ಹೋಗುತ್ತದೆ.

ಕಳೆದ ವಾರ ಮೇಡಂ ಮನೆಯವರೆಲ್ಲ ಎರಡು ರಾತ್ರಿ ಹೊರಗೆ ಹೋಗಬೇಕಾಯಿತು. ನಾನು ಅಲ್ಲೇ ಮಲಗಿ ನೋಡಿಕೊಳ್ಳಬೇಕಿತ್ತು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಯಾವುದೂ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ, ಮೂರೂ ನಾಯಿಗೆ ವಿಷ ಅಂತ ಹತ್ತು ಸಲ ಹೇಳಿದ್ದರು. ಬೇಕಿರಲೇ ಇಲ್ಲ. ಕೊಟ್ಟದ್ದನ್ನೇ ರಾಕೆಟ್ ಮುಟ್ಟಲಿಲ್ಲ. ಬಾಗಿಲ ಹತ್ತಿರ ಹೋಗಿ, ಮೇಡಂ ಬಿಟ್ಟುಹೋದ ಹಳೇ ಚಪ್ಪಲಿಯ ಮೇಲೆ ಗದ್ದ ಇಟ್ಟುಕೊಂಡು ಮಲಗಿದ. ಹೊರಗೆ ಯಾವ ಗಾಡಿ ನಿಂತರೂ ಕಿವಿ ಏಳುತ್ತಿತ್ತು. ಗಾಡಿ ಮುಂದೆ ಹೋದರೆ ಕಿವಿ ಮಲಗುತ್ತಿತ್ತು. ನಡುರಾತ್ರಿ ಎದ್ದು ಬಂದು ನನ್ನ ಪಾದದ ಮೇಲೆ ತಲೆ ಇಟ್ಟ. ಕಾಲು ಜೋಮು ಹಿಡಿಯಿತು. ಎಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು. ಅದಕ್ಕೆ ಹಗ್ಗ ಇರಲಿಲ್ಲ. ಅದನ್ನು ಯಾರೂ ವಾಕಿಂಗ್ ಕರೆದುಕೊಂಡು ಹೋಗುತ್ತಿರಲಿಲ್ಲ, ಅದೇ ನನ್ನನ್ನು ಶಾಲೆಯ ತಿರುವಿನವರೆಗೆ ಬಿಟ್ಟು ಬರುತ್ತಿತ್ತು. ಮನೆ ಬದಲಿಸುವಾಗ, ಹೊಸ ಮನೆಯಲ್ಲಿ ನಾಯಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಪರಿಚಯದವರಿಗೆ ಕೊಟ್ಟೆವು. ಅದು ಯಾರ ಚಪ್ಪಲಿಯ ಮೇಲೆ ಮಲಗಿತೋ, ನಾವು ಕೇಳಲಿಲ್ಲ.

ಮೂರನೇ ದಿನ ಮೇಡಂ ಬಂದರು. ರಾಕೆಟ್ ನನ್ನ ಹೊಟ್ಟೆಯ ಮೇಲೇ ಹಾದು ಬಾಗಿಲಿಗೆ ಓಡಿದ. ಅವತ್ತು ಮಾತ್ರ ಹೆಸರಿಗೆ ತಕ್ಕ ವೇಗ. ಆ ಹೆಜ್ಜೆಗಳನ್ನೂ ಬಿಲ್ಲೆ ಎಣಿಸಿತು, ಲೆಕ್ಕಕ್ಕೆ ಮಾತ್ರ ಸೇರಿಸಿಕೊಳ್ಳಲಿಲ್ಲ. ‘ಮನೆ ಒಳಗಿನದು ಬರಲ್ಲ’ ಅಂದರು.

ಇರಲಿ, ಇವತ್ತಿನ 612ಕ್ಕೆ ಬರೋಣ. ಉತ್ತರ ಬರೆಯಲು ಕೂತವನು ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಹೆಂಡತಿ ಬಗ್ಗಿ ಓದಿದಳು. ‘ಬಿಲ್ಲೆ ಬಿಚ್ಚೋಕೆ ಬರುತ್ತಾ?’ ಅಂದಳು. ಬರುತ್ತೆ ಅಂದೆ. ‘ಮತ್ತೆ? ನಿಮ್ಮ ಜೇಬಲ್ಲಿ ಹಾಕ್ಕೊಳ್ಳಿ. ಅದು ಮೂಸ್ತಾ ನಿಂತಿರಲಿ, ನೀವು ನಡೀರಿ.’

ಇಂಥ ತಲೆ ಇಟ್ಟುಕೊಂಡು ಇವಳು ನನ್ನ ಯಾಕೆ ಮದುವೆಯಾದಳೋ.

ಸಂಜೆ ಹೋದೆ. ಮೂಲೆಯ ಕಂಬದ ಹತ್ತಿರ ರಾಕೆಟ್ ಎಂದಿನಂತೆ ತಾಳೆ ನೋಡಲು ನಿಂತ. ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡೆ. ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಹೋದೆ, ಬಂದೆ. ಮತ್ತೆ ಹೋದೆ, ಬಂದೆ. ದಾರಿಹೋಕರು ನೋಡಿದರು, ನೋಡಲಿ. ಬೆವರು ಬಂತು. ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ರಾಕೆಟ್ ಒಮ್ಮೆ ತಲೆಯೆತ್ತಿ, ಈ ಮನುಷ್ಯನಿಗೆ ಏನಾಯಿತು ಅನ್ನುವ ಹಾಗೆ ನೋಡಿ ಮತ್ತೆ ಕಂಬಕ್ಕೆ ಮೂಗಿಟ್ಟ.

ಇಪ್ಪತ್ತು ನಿಮಿಷ ಆಗಿರಬೇಕು, ಫೋನ್ ನಡುಗಿತು. ವಿಡಿಯೋ ಕಾಲ್.

‘ಏನ್ ವಿಷಯ? ಕಂಬದ ಹತ್ರ ಒಂದೇ ಜಾಗದಲ್ಲಿ 1,900 ಹೆಜ್ಜೆ ತೋರಿಸ್ತಿದೆ! ಕಂದ ಡ್ಯಾನ್ಸ್ ಮಾಡ್ತಿದ್ದಾನಾ? ತೋರಿಸಿ, ತೋರಿಸಿ!’