ಬಂತಾ? ಇಲ್ಲ ರೀ!

ಆ ಜಾಹೀರಾತು ನೀವೂ ನೋಡಿರ್ತೀರಿ. ನೀರಿನ ದಂಡೆ. ಬಿಳಿ ಮೋಟರ್‌ಹೋಮ್, ಅಂದರೆ ಊಟ ನಿದ್ದೆ ಎಲ್ಲಾ ಒಳಗೇ ಆಗುವ ಗಾಡಿಮನೆ. ಅದರ ನೆತ್ತಿಯ ಮೇಲೊಂದು ಡಿಶ್. ಕಿಟಕಿಯೊಳಗೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ನಾಯಿ. ನಾಯಿಯೂ ಸೇರಿದಂತೆ ಎಲ್ಲರೂ ಟಿವಿ ನೋಡಿ ನಗುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ, ಎಲ್ಲೇ ಹೋದರೂ ಮನೆಯಲ್ಲೇ ಇದ್ದ ಹಾಗೆ.

ಹಾಗಾದರೆ ಮನೆಯಲ್ಲೇ ಇರಬಹುದಿತ್ತಲ್ವಾ ಅಂತ ಕೇಳುವುದು ಸುಲಭ. ಎಲ್ಲರೂ ಕೇಳುತ್ತಾರೆ. ನನ್ನ ತಕರಾರು ಅದಲ್ಲ. ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಡಿಶ್ ಮುಖ ಮಾಡಿರುವ ಕಡೆ, ನಾಲ್ಕು ಮಾರು ದೂರದಲ್ಲಿ, ಒಂದು ಭಾರಿ ಮರ ನಿಂತಿದೆ. ಮೈತುಂಬಾ ಎಲೆ. ಅದರೊಳಗಿಂದ ಸಿಗ್ನಲ್ ಬರುವ ಮಾತೇ ಇಲ್ಲ. ಅಂದರೆ ಆ ಕುಟುಂಬ ನಗುತ್ತಿರುವುದು ‘ಸಿಗ್ನಲ್ ಇಲ್ಲ’ ಅನ್ನೋ ಬರಹ ನೋಡಿ. ಅಂಥ ಸಂಸಾರಕ್ಕೆ ಡಿಶ್ ಯಾಕೆ ಬೇಕಿತ್ತೋ.

ನನ್ನ ಗೆಳೆಯನೊಬ್ಬ ಹೊಸದಾಗಿ ಮೋಟರ್‌ಹೋಮ್ ತಗೊಂಡಿದ್ದಾನೆ. ಕಳೆದ ಎರಡು ತಿಂಗಳಿಂದ ರಾತ್ರಿ ಹತ್ತರ ಮೇಲೆ ಅವನಿಗೆ ಒಂದೇ ಚಿಂತೆ. ಯಾವ ಡಿಶ್ ಹಾಕಿಸಲಿ? ಟೈರು ಯಾವುದು, ಬ್ರೇಕು ಹೇಗಿದೆ, ಒಂದೂ ಕೇಳಲಿಲ್ಲ. ಡಿಶ್ ಬಗ್ಗೆ ಮಾತ್ರ ನಲವತ್ತು ವಿಡಿಯೋ ನೋಡಿದ್ದಾನೆ. ನನಗೂ ಕಳಿಸಿದ್ದಾನೆ. ಗೆಳೆತನ ಅಂದಮೇಲೆ ಅನುಭವಿಸಬೇಕು.

ಮೊದಲು ಉಪಗ್ರಹದ ಬಗ್ಗೆ ಒಂದು ಒಳ್ಳೆ ಮಾತು. ಈ ಇಡೀ ಕಥೆಯಲ್ಲಿ ಮರ್ಯಾದಸ್ಥ ಅಂತ ಇರೋದು ಅದೊಂದೇ. ಭೂಮಧ್ಯರೇಖೆಯ ನೆತ್ತಿಯ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ವೇಗಕ್ಕೆ ತಾನೂ ತಿರುಗುತ್ತಾ, ನಮ್ಮ ಕಣ್ಣಿಗೆ ಅಲ್ಲಾಡದೆ ನಿಂತಿದೆ. 1964ರಲ್ಲಿ ಸಿಂಕಾಮ್-3 ಅನ್ನೋ ಉಪಗ್ರಹ ಹೀಗೆ ನಿಂತು ಟೋಕಿಯೋ ಒಲಿಂಪಿಕ್ಸನ್ನು ಸಾಗರದಾಚೆಗೆ ದಾಟಿಸಿತು. ಅವತ್ತಿಂದ ಇವತ್ತಿನವರೆಗೆ ಅದರ ವಂಶದವರು ಕೆಲಸದಲ್ಲಿ ಲೋಪ ಮಾಡಿದ್ದು ಕಮ್ಮಿ. ಅಷ್ಟು ದೂರದಿಂದ ಬರುವ ಸಿಗ್ನಲ್ಲಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಶೂನ್ಯ ದಾಟುತ್ತದೆ, ಮೋಡ ದಾಟುತ್ತದೆ. ಕೊನೆಯ ಹತ್ತು ಮೀಟರಿನಲ್ಲಿ ಒಂದು ಒದ್ದೆ ಕೊಂಬೆಗೆ ಸಿಕ್ಕಿ ಸಾಯುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ.

ಹಾಗಾಗಿ ಡಿಶ್ ಕೊಳ್ಳುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ಸ್ವಾಮಿ, ನೀವು ಗಾಡಿ ನಿಲ್ಲಿಸೋದು ಎಲ್ಲಿ? ಮರದ ಕೆಳಗೋ, ಬಯಲಲ್ಲೋ? ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳಿದರೆ ಅರ್ಧ ಗಿರಾಕಿಗಳು ಎದ್ದು ಹೋಗುತ್ತಾರೆ. ಗಾಡಿಗೆ ನೆರಳು ಬೇಕು. ಡಿಶ್‌ಗೆ ಬಯಲು ಬೇಕು. ಪಕ್ಕದಲ್ಲೇ ಮಲಗಿರುವ ಸೋಲಾರ್ ಪ್ಯಾನಲ್‌ಗೆ ಬಿಸಿಲು ಬೇಕು, ಅದರ ಮೇಲೆ ಡಿಶ್‌ನ ನೆರಳೂ ಬೀಳಬಾರದು. ಮೂರು ಜನ ಸವತಿಯರು, ಒಂದೇ ಸೂರು.

ಬಡವನ ದಾರಿ ಅಂದರೆ ಮುಕ್ಕಾಲಿ ಡಿಶ್. ಮೂರು ಕಾಲಿನ ಸ್ಟ್ಯಾಂಡ್, ಅದರ ಮೇಲೊಂದು ತಟ್ಟೆ, ಒಂದು ಕೇಬಲ್ ಸುರುಳಿ. ಗಾಡಿ ನೆರಳಲ್ಲಿರಲಿ, ಡಿಶ್ ಮಾತ್ರ ಬಯಲಿಗೆ ಹೋಗಲಿ. ತತ್ವ ಭಾಳ ಚೆನ್ನಾಗಿದೆ. ಆದರೆ ಅದನ್ನು ತಿರುಗಿಸುವವರು ಮನುಷ್ಯರು, ಅದರಲ್ಲೂ ಮದುವೆಯಾದವರು.

ಹೋದ ಸಲ ಗೆಳೆಯ ಇಂಥದ್ದೊಂದನ್ನು ಪರೀಕ್ಷೆ ಮಾಡಿ ನೋಡುವಾಗ ನಾನೂ ಜೊತೆಗಿದ್ದೆ. ಅವನು ಹೊರಗೆ, ಮಂಡಿಯೂರಿ, ತಟ್ಟೆ ಹಿಡಿದಿದ್ದಾನೆ. ಅವನ ಹೆಂಡತಿ ಒಳಗೆ, ಟಿವಿ ಮುಂದೆ.

“ಬಂತೇನೇ?”

“ಇಲ್ಲ ರೀ.”

“ಈಗ?”

“ಇಲ್ಲ... ಹಾಂ, ಬಂತು! ಹೋಯ್ತು.”

“ಬಂತಾ ಹೋಯ್ತಾ, ಒಂದು ಹೇಳೇ!”

“ಬಂದು ಹೋಯ್ತು ರೀ. ನೀವ್ಯಾಕೆ ಕೈ ಅಲ್ಲಾಡಿಸಿದ್ರಿ?”

ಇಲ್ಲಿ ತಪ್ಪು ಇಬ್ಬರದೂ ಅಲ್ಲ, ಬಾಕ್ಸ್‌ದು. ಸಿಗ್ನಲ್ ಸಿಕ್ಕರೂ ಅದನ್ನು ಗುರುತು ಹಿಡಿದು ಪರದೆಗೆ ತರಲು ಬಾಕ್ಸ್‌ಗೆ ಒಂದೆರಡು ಗಳಿಗೆ ಬೇಕು. ಅಷ್ಟರಲ್ಲಿ ಹೊರಗಿನವನು ತಟ್ಟೆಯನ್ನು ಮುಂದಕ್ಕೆ ತಳ್ಳಿರುತ್ತಾನೆ. ಅವಳು ‘ಬಂತು’ ಅನ್ನುವಾಗ ಅದು ಹೋಗಿ ಆಗಿರುತ್ತದೆ. ಹಳೇ ಟಿವಿಯಲ್ಲಾದರೆ ಕಾಳು ಕಾಳಾಗಿ ಏನೋ ಒಂದು ಕಾಣುತ್ತಿತ್ತು, ದಾರಿ ಸರಿ ಇದೆ ಅಂತ ಧೈರ್ಯ ಬರುತ್ತಿತ್ತು. ಡಿಜಿಟಲ್‌ನಲ್ಲಿ ಮುಲಾಜಿಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಕತ್ತಲೆ. ತಟ್ಟೆ ಒಂದು ಡಿಗ್ರಿ ಓರೆಯಾದರೆ ಅಲ್ಲಿ ಮೇಲೆ 600 ಕಿಲೋಮೀಟರ್‌ಗೂ ಜಾಸ್ತಿ ಗುರಿ ತಪ್ಪಿದ ಲೆಕ್ಕ. ಅದರ ಮೇಲೆ ಫೋನಿನ ದಿಕ್ಸೂಚಿಯನ್ನು ಗಾಡಿಯ ಕಬ್ಬಿಣದ ಮೈಗೆ ಒರಗಿಸಿ ದಿಕ್ಕು ನೋಡಿದ್ದ ಮಹಾನುಭಾವ. ಕಬ್ಬಿಣ ಹತ್ತಿರ ಇದ್ದರೆ ದಿಕ್ಸೂಚಿ ಸತ್ಯ ಹೇಳುತ್ತದಾ? ತಟ್ಟೆಯ ಮೂಗಿನ ತುದಿಯಲ್ಲಿರುವ ಎಲ್‌ಎನ್‌ಬಿಯನ್ನೂ, ಅಂದರೆ ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಪುಟ್ಟ ಡಬ್ಬಿಯನ್ನೂ, ಊರಿಗೆ ತಕ್ಕ ಹಾಗೆ ಸ್ವಲ್ಪ ತಿರುಚಬೇಕು ಅಂತ ನಾನು ಹೇಳಿದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಸುಮ್ಮನಾದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನ್ಯಾಯವಾಗಿ ಹೇಳಬೇಕೆಂದರೆ ಅವತ್ತು ನೆಲ ನಿಜಕ್ಕೂ ಡೊಂಕಿತ್ತು. ಮುಕ್ಕಾಲಿಯ ಒಂದು ಕಾಲು ಇಲಿ ಬಿಲದಲ್ಲಿತ್ತು. ಆ ಇಳಿಜಾರಿನಲ್ಲಿ ಕೋನದ ಅಳತೆ ಎಲ್ಲಾ ಸುಳ್ಳು. ಮುಕ್ಕಾಲು ಗಂಟೆ ಆದಮೇಲೆ ಚಿತ್ರ ಬಂತು, ಬೇರೆ ಉಪಗ್ರಹದ್ದು. ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಪಾತ್ರೆ ಉಜ್ಜುವ ಬ್ರಷ್ ಮಾರುತ್ತಿದ್ದ. ನಾವು ಮೂವರೂ ಹತ್ತು ನಿಮಿಷ ಶ್ರದ್ಧೆಯಿಂದ ನೋಡಿದೆವು. ಅಷ್ಟು ಕಷ್ಟಪಟ್ಟಿದ್ದೆವಲ್ಲ.

ಇನ್ನೊಂದು ಜಾತಿ, ಒಳಗಿಂದ ಹಿಡಿಕೆ ತಿರುಗಿಸಿ ಚಾವಣಿ ಮೇಲಿನ ಡಿಶ್ ಎತ್ತುವುದು. ಗಟ್ಟಿ ವಸ್ತು, ಕೆಡುವುದು ಕಮ್ಮಿ. ಒಂದೇ ಷರತ್ತು, ಹೊರಡುವ ಮುಂಚೆ ಇಳಿಸಬೇಕು. ಮರೆತವನಿಗೆ ಮುಂದಿನ ಕೊಂಬೆಯೋ ಕಮಾನೋ ನೆನಪು ಮಾಡುತ್ತದೆ.

ಶ್ರೀಮಂತರಿಗೆ ಗುಮ್ಮಟ. ಬಿಳಿ ಬೋಗುಣಿಯನ್ನು ಬೋರಲು ಹಾಕಿದ ಹಾಗಿರುತ್ತದೆ, ಒಳಗೊಂದು ಪುಟ್ಟ ಡಿಶ್. ಗಾಳಿಗೆ ಜಗ್ಗುವುದಿಲ್ಲ. ಕೆಲವು ಗುಮ್ಮಟಗಳು ಗಾಡಿ ಓಡುವಾಗಲೂ ಉಪಗ್ರಹವನ್ನು ಬಿಡದೆ ಹಿಡಿದಿರುತ್ತವೆ. ಎಂಥಾ ಸಾಧನೆ! ಗಾಡಿ ಓಡಿಸುವವನು ಟಿವಿ ನೋಡುವ ಹಾಗಿಲ್ಲ, ಹಿಂದೆ ಕೂತವರಿಗೆ ತಿರುವಿನಲ್ಲಿ ಪರದೆ ನೋಡಿದರೆ ಹೊಟ್ಟೆ ತೊಳಸುತ್ತದೆ. ಆದರೂ ಸಿಗ್ನಲ್ ಇರುತ್ತದೆ. ಸೇತುವೆ, ಸುರಂಗ, ಸಾಲುಮರ ಬಿಟ್ಟು ಉಳಿದೆಲ್ಲಾ ಕಡೆ ಇರುತ್ತದೆ. ಬೋಗುಣಿ ಚಿಕ್ಕದಾದ್ದರಿಂದ ಒಳಗಿನ ತಟ್ಟೆಯೂ ಚಿಕ್ಕದು. ಡಿಶ್ ಅಂದರೆ ಮಳೆನೀರಿಗೆ ಇಟ್ಟ ಪಾತ್ರೆಯ ಹಾಗೆ. ಬಾಯಿ ಎಷ್ಟು ಅಗಲವೋ ಅಷ್ಟು ಸಿಕ್ಕುತ್ತದೆ. 60 ಸೆಂಟಿಮೀಟರಿನದಕ್ಕಿಂತ 85ರದ್ದು ಸುಮಾರು ಎರಡು ಪಟ್ಟು ಹಿಡಿಯುತ್ತದೆ. ಉಪಗ್ರಹದ ಸಿಗ್ನಲ್ ಬೀಳುವ ಪ್ರದೇಶದ ನಡುಮಧ್ಯೆ ಇದ್ದರೆ ಪುಟ್ಟದು ಸಾಕು. ಅಂಚಿಗೆ ಹೋದಾಗ, ಜೋರು ಮಳೆ ಬಂದಾಗ, ಗುಮ್ಮಟದವರು ಮೊದಲು ಕತ್ತಲಾಗುತ್ತಾರೆ. ಮಳೆ ಬಂದಾಗ ತಾನೇ ಮಾರಾಯ ಒಳಗೆ ಕೂತು ಟಿವಿ ನೋಡೋದು?

ಹಾಗಂತ ಎಲ್ಲಾ ತಪ್ಪೂ ತಟ್ಟೆಯದಲ್ಲ. ವರ್ಷಕ್ಕೆರಡು ಸಲ, ಹಗಲು ರಾತ್ರಿ ಸಮ ಆಗುವ ದಿನಗಳ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಕೆಲವು ದಿನ, ದಿನಕ್ಕೆ ಕೆಲವು ನಿಮಿಷ, ಸೂರ್ಯನ ಗದ್ದಲದಲ್ಲಿ ಉಪಗ್ರಹದ ಮಾತು ಕೇಳಿಸುವುದಿಲ್ಲ. ಆ ನಿಮಿಷಗಳಲ್ಲಿ ಡಿಶ್ ಕಳಚಿ, ಒರೆಸಿ, ಮತ್ತೆ ಕೂರಿಸಿದ ಒಬ್ಬರನ್ನು ನಾನು ಬಲ್ಲೆ. ಕೂರಿಸುವಷ್ಟರಲ್ಲಿ ಚಿತ್ರ ಬಂತು. ಒರೆಸಿದ್ದಕ್ಕೇ ಬಂತು ಅಂತ ಇವತ್ತಿಗೂ ನಂಬಿದ್ದಾರೆ. ನಾನೂ ಬಿಡಿಸಿ ಹೇಳಲು ಹೋಗಿಲ್ಲ.

ಇನ್ನು ತಾನೇ ಹುಡುಕುವ ಡಿಶ್. ಒಂದು ಬಟನ್ ಒತ್ತಿದರೆ ಎದ್ದು ನಿಂತು, ಸುತ್ತಾ ನೋಡಿ, ಉಪಗ್ರಹವನ್ನು ಪತ್ತೆ ಹಚ್ಚಿ, ಸಲಾಮು ಹೊಡೆದು ನಿಲ್ಲುತ್ತದೆ. ಗಾಡಿಯ ಕೀ ತಿರುಗಿಸಿದರೆ ತಾನೇ ಮಡಚಿಕೊಳ್ಳುತ್ತದೆ. ಇಂಥದ್ದೊಂದು ಇದ್ದ ಗಾಡಿಯನ್ನು ನಾನೇ ಒಮ್ಮೆ ಬಾಡಿಗೆಗೆ ತಗೊಂಡಿದ್ದೆ. ಬಟನ್ ಒತ್ತಿದೆ. ಡಿಶ್ ಎದ್ದಿತು. ಗೂಂಯ್ ಅಂತ ಒಂದು ಸುತ್ತು ಹಾಕಿತು. ಕಟ್ ಅಂತ ನಿಂತಿತು. ಸ್ವಲ್ಪ ತಲೆ ಎತ್ತಿತು. ಮತ್ತೆ ಗೂಂಯ್. ಬಯಲು ಜಾಗ, ತಿಳಿ ಆಕಾಶ, ಎಲ್ಲೂ ಮರವಿಲ್ಲ. ನಮ್ಮ ತಲೆ ಮೇಲೆ ರಾತ್ರಿ ಹನ್ನೊಂದರವರೆಗೆ ಗೂಂಯ್, ಕಟ್.

ಆ ಡಿಶ್ ಮಾರಿದ ಕಂಪನಿಗೆ ಫೋನ್ ಮಾಡಿದೆ.

“ಚಾನೆಲ್‌ನವರು ಫ್ರೀಕ್ವೆನ್ಸಿ ಬದಲಿಸಿದ್ದಾರೆ ಸಾರ್. ನಿಮ್ಮ ಡಿಶ್‌ಗೆ ಹಳೇದೇ ನೆನಪಿದೆ. ಅಪ್‌ಡೇಟ್ ಮಾಡ್ಕೊಳ್ಳಿ.”

“ಹೇಗಪ್ಪಾ?”

“ಇಂಟರ್‌ನೆಟ್‌ನಿಂದ ಇಳಿಸ್ಕೊಳ್ಳಿ ಸಾರ್.”

“ಇಲ್ಲಿ ಇಂಟರ್‌ನೆಟ್ ಇಲ್ಲ. ಅದಕ್ಕೇ ಡಿಶ್ ಇಟ್ಟಿರೋದು.”

“ಹಾಗಾದ್ರೆ ಇಂಟರ್‌ನೆಟ್ ಇರೋ ಕಡೆ ಹೋಗಿ ಸಾರ್.”

ಇಷ್ಟು ಹೊತ್ತು ನಗುತ್ತಿದ್ದೆ, ಇಲ್ಲಿ ನಗು ಬರುವುದಿಲ್ಲ. ಉಪಗ್ರಹ ಇದ್ದಲ್ಲೇ ಇದೆ, ಒಂದು ಗೇಣೂ ಸರಿದಿಲ್ಲ. ಚಾನೆಲ್‌ಗಳು ಆಗಾಗ ಫ್ರೀಕ್ವೆನ್ಸಿ ಬದಲಿಸುತ್ತವೆ ಅನ್ನೋದು ಮಾರುವವರಿಗೆ ಮಾರುವ ದಿನವೇ ಗೊತ್ತು. ಬದಲಾಗಿದ್ದು ಒಂದೆರಡು ಅಂಕಿ. ಅದನ್ನು ನಾನೇ ಕೈಯಾರೆ ಹಾಕುತ್ತೇನೆ ಅಂದರೆ ಆ ಡಬ್ಬಿಯ ಮೆನುವಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಬೇಕಂತಲೇ ಇಟ್ಟಿಲ್ಲ. ಮನೆ ಚಾವಣಿಯ ಮೇಲೆ ಇಪ್ಪತ್ತು ವರ್ಷದಿಂದ ತುಕ್ಕು ಹಿಡಿದು ಕೂತಿರುವ ತಟ್ಟೆ ಇವತ್ತಿಗೂ ಕೆಲಸ ಮಾಡುತ್ತದೆ, ಯಾಕೆಂದರೆ ಅದಕ್ಕೆ ಬುದ್ಧಿ ಇಲ್ಲ. ಇಲ್ಲಿ ಬುದ್ಧಿಗೆ ಅಂತ ಜಾಸ್ತಿ ದುಡ್ಡು ಇಸಕೊಂಡು, ಆ ಬುದ್ಧಿಗೆ ಬೀಗ ಹಾಕಿ, ಬೀಗದ ಕೈ ಅವರೇ ಇಟ್ಟುಕೊಂಡರು. ಕೊಂಡವನು ಗೂಂಯ್ ಕಟ್ ಕೇಳುತ್ತಾ ಮಲಗಬೇಕು. ಇದಕ್ಕೆ ಸೌಕರ್ಯ ಅಂತ ಹೆಸರು. ಸಾಕಾಗಿದೆ ನನಗೆ.

ಹೋಗಲಿ ಬಿಡಿ.

ಈಗ ಸುಮಾರು 500 ಕಿಲೋಮೀಟರ್ ಎತ್ತರದಲ್ಲೇ ಸುತ್ತುವ ಸ್ಟಾರ್‌ಲಿಂಕ್ ಥರದ್ದು ಬಂದಿದೆ, ಇಂಟರ್‌ನೆಟ್‌ನಲ್ಲೇ ಟಿವಿ ನೋಡಬಹುದು, ಡಿಶ್ ಯಾಕೆ ಅಂತ ಬುದ್ಧಿವಂತರು ಕೇಳುತ್ತಾರೆ. ಕೇಳಲಿ. ಅದಕ್ಕೂ ಬಯಲು ಆಕಾಶವೇ ಬೇಕು, ಜಾಹೀರಾತಿನ ಮರ ಅದಕ್ಕೂ ಅಡ್ಡವೇ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಮುಕ್ಕಾಲಿ ತಗೋ, ಕೇಬಲ್ ಉದ್ದದ್ದು ತಗೋ, ಸಿಗ್ನಲ್ ಸಿಕ್ಕರೆ ಕೀಂ ಅನ್ನುವ ಪುಟ್ಟ ಮೀಟರ್ ಒಂದು ತಗೋ. ಆಗ ಹೊರಗಿದ್ದವನಿಗೇ ಗೊತ್ತಾಗುತ್ತದೆ, ಒಳಗಿದ್ದವಳನ್ನು ‘ಬಂತಾ’ ಅಂತ ಕೇಳಬೇಕಾಗಿಲ್ಲ. ಸಂಸಾರ ಉಳಿಯುತ್ತದೆ. ಅವನು ಎಲ್ಲವನ್ನೂ ತಲೆಯಾಡಿಸಿ ಕೇಳಿದ. ಮಾರನೇ ವಾರ ತಾನೇ ಹುಡುಕುವ ಡಿಶ್ಶನ್ನೇ ಹಾಕಿಸಿದ. ಹೊಚ್ಚ ಹೊಸ ಗಾಡಿಯ ಚಾವಣಿಗೆ ಕೇಬಲ್ ಇಳಿಸಲು ರಂಧ್ರ ಕೊರೆಸುವಾಗ ನಾನೂ ಪಕ್ಕದಲ್ಲಿದ್ದೆ. ಡ್ರಿಲ್ ಒಳಗಿಳಿದಾಗ ಅವನು ಕಣ್ಣು ಮುಚ್ಚಿಕೊಂಡ.

ನಿನ್ನೆ ರಾತ್ರಿ ಹತ್ತಕ್ಕೆ ಮತ್ತೆ ಫೋನ್. ಚಿತ್ರ ಚೆನ್ನಾಗಿ ಬರುತ್ತಿದೆಯಂತೆ. ತೊಂದರೆ ಬೇರೆ. ಅವನಿಗೆ ಆಟ ನೋಡಬೇಕು, ಹೆಂಡತಿಗೆ ಧಾರಾವಾಹಿ. ಮಂಚದ ತಲೆಗೊಂದು ಎರಡನೇ ಟಿವಿ ಹಾಕಿದರೆ ಇದೇ ಡಿಶ್ ಸಾಕಾಗುತ್ತಾ?

“ಬೇರೆ ಬೇರೆ ಚಾನೆಲ್ ಬೇಕಂದ್ರೆ ಎರಡು ಬಾಯಿ ಇರೋ ಎಲ್‌ಎನ್‌ಬಿ ಬೇಕು. ಪ್ರತಿ ಬಾಕ್ಸ್‌ಗೂ ಬೇರೆ ಕೇಬಲ್ ಎಳೀಬೇಕು” ಅಂದೆ.

ಆರು ಮೀಟರ್ ಉದ್ದದ ಗಾಡಿ ಅದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಎರಡನೇ ತೂತು ಎಲ್ಲಿ ಕೊರೆಸ್ಲಿ ಹೇಳು” ಅಂದ.