ಚೆಕ್ಕಿನ ಮೇಲೆ ಯಾರ ಹೆಸರು?

ಗಣೇಶನ ಹಬ್ಬದ ದಿನಗಳಲ್ಲಿ ಪುಣೆಯಲ್ಲಿ ಕೂತು ‘ಲೋಕಸತ್ತಾ’ ಬಿಡಿಸುವ ಕನ್ನಡಿಗರಿಗೆ ಮೊದಲು ಖುಷಿಯಾಗುತ್ತದೆ, ಹಿಂದೆಯೇ ಒಂದಿಷ್ಟು ಹೊಟ್ಟೆಕಿಚ್ಚು. 2011ರಿಂದ ಈ ಮರಾಠಿ ಪತ್ರಿಕೆ ‘ಸರ್ವಕಾರ್ಯೇಷು ಸರ್ವದಾ’ ಎಂಬ ಹೆಸರಿನಲ್ಲಿ ಪ್ರತಿ ವರ್ಷ 10 ಸೇವಾಸಂಸ್ಥೆಗಳನ್ನು ಓದುಗರ ಮುಂದಿಡುತ್ತಿದೆ. ಸಂಸ್ಥೆ ಏನು ಮಾಡುತ್ತದೆ, ಯಾರು ನಡೆಸುತ್ತಾರೆ, ಕೆಲಸ ಎಲ್ಲಿ ನಿಂತಿದೆ ಎಂಬುದರ ಮೇಲೆ ಒಂದು ಲೇಖನ. ಜೊತೆಗೆ, ಚೆಕ್ ಯಾವ ಹೆಸರಿಗೆ ಬರೆಯಬೇಕು, ಯಾವ ಕಚೇರಿಗೆ ತಲುಪಿಸಬೇಕು ಎಂದು ತಿಳಿಸುವ ಒಂದು ಚೌಕಟ್ಟು.

ಜೀವ ಇರುವುದು ಆ ಚೌಕಟ್ಟಿನಲ್ಲೇ. ಚೆಕ್ ಬರೆಯಬೇಕಾದದ್ದು ಸಂಸ್ಥೆಯ ಹೆಸರಿಗೆ. ಪತ್ರಿಕೆ ಅವನ್ನೆಲ್ಲ ಒಟ್ಟುಮಾಡಿ ಸಮಾರಂಭವೊಂದರಲ್ಲಿ ಸಂಸ್ಥೆಯವರ ಕೈಗೊಪ್ಪಿಸುತ್ತದೆ. ಹಣ ಪತ್ರಿಕೆಯ ಖಾತೆಯನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಎಷ್ಟು ಬಂತು, ಎಷ್ಟು ಕೊಟ್ಟರು ಎಂಬ ಮಾತಿಗೆ ಎಡೆಯೇ ಇರುವುದಿಲ್ಲ. ಇನ್ನೊಂದು ಲಾಭ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ರಸೀದಿ ಕೊಡಬೇಕಾದದ್ದು ಸಂಸ್ಥೆ, ಹಾಗಾಗಿ ದಾನಿಯ ವಿಳಾಸ ಅದರ ಪುಸ್ತಕದಲ್ಲಿ ಉಳಿಯುತ್ತದೆ. ಮರುವರ್ಷ ಪತ್ರಿಕೆ ಬೇರೆ ಹತ್ತು ಸಂಸ್ಥೆಗಳ ಕಡೆ ತಿರುಗಿದಾಗ, ಈ ಸಂಸ್ಥೆ ತನ್ನ ದಾನಿಗಳಿಗೆ ತಾನೇ ಕಾಗದ ಬರೆಯಬಹುದು.

ನಮ್ಮಲ್ಲಿ ಇದರ ದಾರಿ ಬೇರೆ. 2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗು, 2019ರಲ್ಲಿ ಮತ್ತೆ ಕೃಷ್ಣೆ, ಮಲಪ್ರಭೆ. ಇಂಥ ಹೊತ್ತಿನಲ್ಲಿ ಕನ್ನಡ ಓದುಗರು ಕೈಬಿಚ್ಚಿ ಕೊಡುತ್ತಾರೆ. ಪರಿಹಾರ ನಿಧಿಗೆ ಹಣ ಹರಿದು ಬರುತ್ತದೆ. ನೆರೆಗೆ ನಿಧಿಯೇ ಸರಿ. ಹೊದಿಕೆ, ಅಕ್ಕಿ, ತಾಡಪಾಲು ವಾರದೊಳಗೆ ಬೇಕು, ಸಂಸ್ಥೆ ಹುಡುಕಿ ಪರಿಚಯಿಸುತ್ತ ಕೂರುವ ಹೊತ್ತು ಅದಲ್ಲ. ಆದರೆ ಕಿವುಡ ಮಕ್ಕಳ ಶಾಲೆಗೆ, ಕಾಡಂಚಿನ ಆಸ್ಪತ್ರೆಗೆ ನೆರೆ ಬರುವುದಿಲ್ಲ. ಅವಕ್ಕೆ ಪ್ರತಿ ತಿಂಗಳೂ ಸಂಬಳ, ಔಷಧಿ, ಡೀಸೆಲ್, ಕರೆಂಟ್ ಬಿಲ್ಲು ಬರುತ್ತದೆ. ಆ ಖರ್ಚಿಗೆ ಕನ್ನಡ ಪತ್ರಿಕೆಯ ಪುಟದಲ್ಲಿ ಜಾಗವಿಲ್ಲ.

ಹಾಗೆಂದು ಬರೆಯುವುದಿಲ್ಲ ಎಂದೇನೂ ಅಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಶುರುವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರು ಕೇಳದ ಕನ್ನಡ ಓದುಗರು ಕಡಿಮೆ. ಸೇವೆ ಮಾಡುವವರ ಬಗ್ಗೆ ನಮ್ಮ ವಾರಪತ್ರಿಕೆಗಳು ಚೆನ್ನಾಗಿಯೇ ಬರೆಯುತ್ತವೆ. ಓದಿದವರ ಕಣ್ಣು ತೇವವಾಗುತ್ತದೆ. ಕೊನೆಯಲ್ಲಿ ಬಹಳ ಎಂದರೆ ಒಂದು ಮೊಬೈಲ್ ನಂಬರು. ಓದುಗರು ಫೋನು ಹಚ್ಚಬೇಕು, ಅವರು ಎತ್ತಬೇಕು, ಖಾತೆಯ ವಿವರ ಕೇಳಲು ಇವರಿಗೆ ಸಂಕೋಚ, ಹೇಳಲು ಅವರಿಗೂ ಸಂಕೋಚ. ಪತ್ರಿಕೆ ರದ್ದಿಗೆ ಸೇರುತ್ತದೆ.

ಬರಹವೊಂದು ಏನು ಮಾಡಬಲ್ಲದು ಎನ್ನುವುದಕ್ಕೆ ಪುಣೆಯವರು ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರವನ್ನು ತೋರಿಸುತ್ತಾರೆ. ಲೇಖಕ ಅನಿಲ್ ಅವಚಟ್ ಬ್ರೌನ್ ಶುಗರ್ ಎಂಬ ಮಾದಕ ವಸ್ತುವಿನ ಚಟದ ಬಗ್ಗೆ ಬರೆದ ಲೇಖನಗಳನ್ನು ಓದಿ ಮರಾಠಿ ಸಾಹಿತಿ ಪು. ಲ. ದೇಶಪಾಂಡೆ, ಸುನೀತಾ ದೇಶಪಾಂಡೆ ದಂಪತಿ 1 ಲಕ್ಷ ರೂಪಾಯಿ ನೀಡಲು ಮುಂದಾದರು. 1986ರಲ್ಲಿ ಅನಿಲ್ ಅವರ ಪತ್ನಿ ಡಾ. ಸುನಂದಾ ಅವಚಟ್ ಅವರ ನೇತೃತ್ವದಲ್ಲಿ ಕೇಂದ್ರ ತೆರೆಯಿತು. ಬರೆದವರಿಗೆ ಮುಂದೇನು ಮಾಡಬೇಕೆಂದು ಗೊತ್ತಿತ್ತು, ಮನೆಯಲ್ಲೇ ಮನೋವೈದ್ಯೆ ಇದ್ದರು. ಎಲ್ಲ ಲೇಖನಕ್ಕೂ ಈ ಭಾಗ್ಯ ಇರುವುದಿಲ್ಲ, ಅದಕ್ಕೇ ಚೌಕಟ್ಟು ಬೇಕು.

ಚೌಕಟ್ಟಿನಲ್ಲಿ ಮೊದಲು ಬೇಕಾದದ್ದು ಬ್ಯಾಂಕ್ ಖಾತೆಯಲ್ಲಿರುವ ಹೆಸರು, ಅಕ್ಷರ ತಪ್ಪದೆ. ಜನ ಕರೆಯುವ ಹೆಸರು ಒಂದು, ನೋಂದಣಿಯ ಹೆಸರು ಇನ್ನೊಂದು. ಬಾಬಾ ಆಮ್ಟೆಯವರು ಕುಷ್ಠರೋಗಿಗಳಿಗಾಗಿ ಕಟ್ಟಿದ ಆನಂದವನ ಜಗತ್ತಿಗೇ ಗೊತ್ತು, ಆದರೆ ಅದನ್ನು ನಡೆಸುವ ಟ್ರಸ್ಟು ವರೋರಾದ ಮಹಾರೋಗಿ ಸೇವಾ ಸಮಿತಿ. ಪ್ರೀತಿಯಿಂದ ‘ಆನಂದವನ’ ಎಂದಷ್ಟೇ ಬರೆದ ಚೆಕ್ಕನ್ನು ಬ್ಯಾಂಕಿನವರು ಹಿಂದಿರುಗಿಸಬಹುದು. ಹೆಸರು ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರೂ ಈಗ ನಡೆಯುವುದಿಲ್ಲ. ಸ್ಕ್ಯಾನ್ ಮಾಡಿ ಕ್ಲಿಯರಿಂಗಿಗೆ ಕಳಿಸುವ ಚೆಕ್ಕಿನಲ್ಲಿ ತಾರೀಖು ಬಿಟ್ಟು ಬೇರೇನನ್ನೂ ತಿದ್ದುವಂತಿಲ್ಲ, ಹೊಸ ಹಾಳೆಯೇ ಬೇಕು. ಚೆಕ್ಕಿನ ಆಯುಷ್ಯ ಮೂರು ತಿಂಗಳು. ಸಮಾರಂಭ ತಡವಾದರೆ ಮೊದಮೊದಲು ಬಂದವು ಡ್ರಾವರಿನಲ್ಲೇ ಸಾಯುತ್ತವೆ.

ಇನ್ನು ಪ್ಯಾನ್. ದಾನಿಗಳ ಪಟ್ಟಿಯನ್ನು ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ಕೊಟ್ಟು, ಅದರಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ಕಳಿಸಿದರೆ ಮಾತ್ರ ದಾನಕ್ಕೆ ಸಿಗುವ, 80ಜಿ ಎಂದು ಹೆಸರಾದ ತೆರಿಗೆ ರಿಯಾಯಿತಿ ದಕ್ಕುವುದು. ಬರೀ ರಸೀದಿ ಸಾಲದು. ಚೆಕ್ಕಿನ ಹಿಂದೆ ಹೆಸರು, ಫೋನು, ಪ್ಯಾನ್ ಬರೆಯದಿದ್ದರೆ ಮೂರು ಜನರಿರುವ ಆಫೀಸಿನಲ್ಲಿ ಒಬ್ಬರು, ಪಟ್ಟಿ ಕೊಡಬೇಕಾದ ಮೇ ತಿಂಗಳಿಡೀ ಫೋನು ಹಿಡಿದು ಕೂರಬೇಕಾಗುತ್ತದೆ. ನಗದು 2,000 ರೂಪಾಯಿ ಮೀರಿದರೆ ರಿಯಾಯಿತಿ ಇಲ್ಲ, ಅಕ್ಕಿ-ಬಟ್ಟೆ ಕೊಟ್ಟರೂ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇಲ್ಲವೇ ಇಲ್ಲ. ಇದನ್ನೆಲ್ಲ ನಾಲ್ಕು ಸಾಲಿನಲ್ಲಿ ಅಚ್ಚು ಹಾಕಬಹುದು.

ಅಚ್ಚು ಹಾಕುವ ಮೊದಲು ಸಂಪಾದಕರು ಕೇಳಿ ತರಿಸಿಕೊಳ್ಳಬೇಕಾದದ್ದು ನೋಂದಣಿ ಪತ್ರ, ಸಂಸ್ಥೆಯ ಆದಾಯಕ್ಕೂ ದಾನಿಗೂ ತೆರಿಗೆ ರಿಯಾಯಿತಿ ಕೊಡಿಸುವ, 12ಎ ಮತ್ತು 80ಜಿ ಎಂದು ಹೆಸರಾದ ಆದೇಶಗಳ ಪ್ರತಿ, ಕಳೆದ ಮೂರು ವರ್ಷಗಳ ಆಡಿಟ್ ವರದಿ, ರದ್ದು ಮಾಡಿದ ಒಂದು ಚೆಕ್ ಹಾಳೆ. ಆದೇಶದ ಅವಧಿ ಮುಗಿದಿಲ್ಲವಷ್ಟೇ ಎಂದು ನೋಡಬೇಕು, ಯಾಕೆಂದರೆ ಇವು ಈಗ ಶಾಶ್ವತವಲ್ಲ, ನವೀಕರಿಸುತ್ತಿರಬೇಕು. ಆಮೇಲೆ ಒಬ್ಬ ವರದಿಗಾರ ಹೇಳದೆ ಕೇಳದೆ ಒಂದು ದಿನ ಅಲ್ಲಿಗೆ ಹೋಗಿ ಬರಬೇಕು.

ಮರಾಠಿಯವರ ಪದ್ಧತಿಯಲ್ಲೂ ತೊಡಕಿದೆ, ಒಪ್ಪಬೇಕು. ಹತ್ತರಲ್ಲಿ ಒಂದಾದ ಸಂಸ್ಥೆಗೆ ಒಮ್ಮೆಗೇ ದೊಡ್ಡ ಮೊತ್ತ ಬರುತ್ತದೆ, ಹನ್ನೊಂದನೆಯದಕ್ಕೆ ಏನೂ ಇಲ್ಲ. ಬಂದ ಹಣದಲ್ಲಿ ಕಟ್ಟಡ ಎದ್ದು, ಮೂರನೆಯ ವರ್ಷ ಶಿಕ್ಷಕರ ಸಂಬಳಕ್ಕೆ ತತ್ವಾರವಾಗುವ ಅಪಾಯವೂ ಇದೆ. ನಮ್ಮಲ್ಲಿ ಸಿದ್ಧಗಂಗೆಯಂಥ ಮಠಗಳ ದಾಸೋಹ ಸಾವಿರಾರು ಮಕ್ಕಳ ಹೊಟ್ಟೆ ತುಂಬಿಸುವುದು ಪತ್ರಿಕೆಯ ಚೌಕಟ್ಟು ನೋಡಿ ಅಲ್ಲ. ರೈತರು ರಾಗಿ, ತೆಂಗಿನಕಾಯಿ ತಂದು ಇಳಿಸಿ ಹೋಗುತ್ತಾರೆ, ಪ್ಯಾನ್ ಯಾರೂ ಕೇಳುವುದಿಲ್ಲ. ಇನ್ನು ಮುಂಬೈಯಲ್ಲಿ ‘ಮೊಗವೀರ’, ‘ಅಕ್ಷಯ’, ‘ಬಂಟರವಾಣಿ’ ಇವೆ. ಇವು ಅಲ್ಲಿನ ಕನ್ನಡಿಗರ ಸಮುದಾಯ ಸಂಘಗಳು ತರುವ ಪತ್ರಿಕೆಗಳು, ಓದುವವರೇ ಸಂಘದ ಸದಸ್ಯರು, ಕೊಡುವವರೂ ಅವರೇ. ವಿದ್ಯಾರ್ಥಿವೇತನ ಆ ಬಳಗದಿಂದಲೇ ಹುಟ್ಟುತ್ತದೆ. ಹೋಟೆಲ್ ಹುಡುಗರನ್ನು ಓದಿಸಿದ ಕನ್ನಡ ರಾತ್ರಿಶಾಲೆಗಳ ಬೆನ್ನಿಗೂ ಇಂಥ ಸಂಘಗಳೇ ನಿಂತಿದ್ದವು. ಅಲ್ಲಿ ನೆರವು ತಮ್ಮವರಿಗಷ್ಟೇ ಎನ್ನುವುದು ನಿಜ. ಆದರೆ ಹಣ ಯಾರಿಗೆ ತಲುಪಿತು ಎಂದು ಮಾತ್ರ ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಹುಡುಗನ ಮನೆಯೇ ಗೊತ್ತಿರುತ್ತದೆ.